ಪಿಯಾನೊ ಅಮ್ಮನ ಮೇಲೊಂದು ಗೀರು

ನಮ್ಮಣ್ಣನಂಥ ವಿಚಿತ್ರ ಪ್ರಾಣಿ ಪೀಣ್ಯದ ಯಾವ ಶೆಡ್ಡಿನಲ್ಲೂ ಸಿಗುವುದಿಲ್ಲ. ಇದನ್ನು ಊರಿಗೆಲ್ಲ ಸಾರಿದವನು ನಾನೇ. ಅವನು ಒಂದು ಮಾತು ಕೇಳಿದಾಗ 'ಹೌದು' ಅನ್ನಬೇಕಾಗಿದ್ದವನೂ ನಾನೇ. ಅನ್ನಲಿಲ್ಲ.

ನಾವಿಬ್ಬರೂ ಏಳನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟು ಲೇತ್ ರಿಪೇರಿಯ ಶೆಡ್ಡು ಸೇರಿದವರು. ಅಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, "ಒಳಗಡೆ ಬೇರಿಂಗು ಅಳ್ತಾ ಐತೆ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ನಿಜ! ಒಮ್ಮೆ ಮೆಷಿನ್ ನೋಡಲು ಬಂದಿದ್ದ ವಿದೇಶಿ ಎಂಜಿನಿಯರಿಗೆ ಸಿಗದ ದೋಷ ಇವನಿಗೆ ಹೀಗೆ ಸಿಕ್ಕಿಬಿಟ್ಟಿತು. ಆತ ಖುಷಿಯಾಗಿ ತನ್ನ ಬ್ಯಾಗಿನಿಂದ ಒಂದು ಸಿ.ಡಿ. ತೆಗೆದುಕೊಟ್ಟ. ಎರಡು ದಿನ ಆತನಿಗೆ ಕಾಫಿ ಹೊತ್ತ ನನಗೆ ಸಿಕ್ಕಿದ್ದು? ಒಂದು ಚಾಕೊಲೇಟು. ಅದೂ ಕಹಿ!

ಸಿ.ಡಿ.ಯಲ್ಲಿದ್ದದ್ದು ಜಾಜ್ ಎಂಬ ಸಂಗೀತ. ಪಿಯಾನೊ ನುಡಿಸುತ್ತಾ ತಾನೇ ಹಾಡುವ ಹೆಂಗಸು; ಆ ಎಂಜಿನಿಯರನ ದೇಶದಲ್ಲಿ ಭಾರಿ ಹೆಸರಂತೆ. ಅಣ್ಣನ ಬಾಯಲ್ಲಿ ಅವಳು 'ಪಿಯಾನೊ ಅಮ್ಮ'. ಅಣ್ಣನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು 'ಯೆಸ್ ಸಾರ್' ಮಾತ್ರ. ಆದರೂ ಪ್ರತಿ ಭಾನುವಾರ ಸ್ನಾನ ಮುಗಿಸಿ, ಸ್ಪೀಕರಿಗೆ ಸ್ಕ್ರೂಡ್ರೈವರ್ ಒತ್ತಿಕೊಂಡು ಕೂರುತ್ತಿದ್ದ!

"ಯಾರಪ್ಪಾ ಅದು, ಅರ್ಧ ನಿದ್ದೇಲಿ ಹಾಡ್ತಾವ್ಳೆ?" ಎಂದು ಮನೆ ಓನರಮ್ಮ ಬಾಗಿಲಿಗೆ ಬಂದರು.

"ಸುಮ್ನೆ ಕೇಳಿ ಅಕ್ಕ. ಲೇತಲ್ಲಿ ತಿರುಗೋ ಸ್ಪಿಂಡಲ್ ಲೂಸಾದಂಗೆ ಕೇಳಿಸ್ತದೆ, ಆದ್ರೆ ಎಲ್ಲಾ ಬಿಗಿಯಾಗೈತೆ. ಬೀಳೋ ಅಂಗೆ ಮಾಡ್ತಾಳೆ, ಬೀಳಲ್ಲ!"

ತಿಂಗಳೊಳಗೆ ಓನರಮ್ಮನೂ ಬಟ್ಟೆ ಒಣಹಾಕುತ್ತಾ ಅದನ್ನೇ ಗುನುಗತೊಡಗಿದರು. ಶನಿವಾರದ ಭಜನೆಯಲ್ಲಿ ಹತ್ತು ವರ್ಷ ಗಂಟಲು ಹರಿದುಕೊಂಡೆನಲ್ಲ, ನನ್ನದೊಂದು ಸಾಲನ್ನಾದರೂ ಗುನುಗಿದ್ದರೇ? ಅಣ್ಣನಂತೂ ನನ್ನ ಹಾಡು ಕೇಳಿ ಹೇಳಿದ್ದು ಒಂದೇ ಮಾತು: "ಗಂಟಲಿಗೆ ಎಣ್ಣೆ ಬಿಡ್ಬೇಕು ಕಣ್ಲಾ."

ಮುಖ ಕಾಣದ ಹೆಂಗಸಿನ ಮೇಲೆ ಹೊಟ್ಟೆ ಉರಿದುಕೊಂಡವನು ನಾನೊಬ್ಬನೇ ಇರಬೇಕು! ಒಂದು ದಿನ ಅಣ್ಣ ಹಾಲು ತರಲು ಹೋದಾಗ, ಕಬ್ಬಿಣ ಉಜ್ಜುವ ಎಮರಿ ಕಾಗದದ ಅಂಚಿನಿಂದ ಸಿ.ಡಿ.ಯ ಹಿಂಬದಿಗೆ ಗೀರು ಎಳೆದೆ. ಒಂದೇ ಒಂದು.

ಆ ಭಾನುವಾರ ಮೂರನೆಯ ಹಾಡು ನಡುವೆ 'ಟಕ್' ಎಂದಿತು. ಅಣ್ಣ ಬೆಚ್ಚಿಬಿದ್ದ.

"ಟಕ್ ಅಂತು ಕಣ್ಲಾ. ನಿಂಗೂ ಕೇಳಿಸ್ತಾ?"

"ಇಲ್ವಲ್ಲ! ಚೆನ್ನಾಗೇ ಐತೆ."

ಮೂರು ಭಾನುವಾರ ಅವನು ಪ್ಲೇಯರ್ ಬಿಚ್ಚಿದ, ಒರೆಸಿದ, ಜೋಡಿಸಿದ. ಸಿ.ಡಿ. ತಿರುವಿ ನೋಡಬೇಕೆಂದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ. ಕಿವಿಯನ್ನು ನಂಬಿದವನು, ಕಣ್ಣಿಗೇನು ಕೆಲಸ ಕೊಟ್ಟಾನು?

ಮೂರನೆಯ ಭಾನುವಾರದ ಮರುದಿನ ಶೆಡ್ಡಿನಲ್ಲಿ, ಓಡುತ್ತಿದ್ದ ಲೇತಿನ ಪಕ್ಕ, ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟ. ಶೆಡ್ಡಿನ ಓನರ್ ಕಡೆ ತಿರುಗಿ ಹೇಳಿದ: "ಸಾರ್, ನನ್ನ ಕಿವಿ ಹೋಯ್ತು. ಇಲ್ದಿರೋ ಸದ್ದೆಲ್ಲ ಕೇಳಿಸ್ತಾ ಐತೆ. ಇನ್ಮೇಲೆ ಮೆಷಿನ್ನು ನನ್ ತಮ್ಮ ಕೇಳ್ಲಿ. ಅವ್ನು ಹಾಡೋನು ಸಾರ್, ಒಳ್ಳೇ ಕಿವಿ."

ಇಷ್ಟು ವರ್ಷ ನಾನು ಕರುಬಿದ ಜಾಗ, ಕೇಳಬೇಕೆಂದಿದ್ದ ಹೊಗಳಿಕೆ, ಎರಡೂ ಒಟ್ಟಿಗೇ ಸಿಕ್ಕಿದ್ದವು. ಅಣ್ಣನ ಖಾಲಿ ಕೈ ಮಾತ್ರ ಎಲ್ಲಿ ಇರಬೇಕೆಂದು ತಿಳಿಯದೆ ಅಂಗಿಯ ತುದಿ ಹಿಡಿದುಕೊಂಡಿತ್ತು. ಲೇತಿನ ಸದ್ದಿಗೂ ಮೇಲೆ, ಇಡೀ ಶೆಡ್ಡಿಗೆ ಕೇಳುವಂತೆ ಕೂಗಿಬಿಟ್ಟೆ:

"ನಿನ್ ಕಿವಿ ಸರಿಯಾಗೈತೆ ಕಣಣ್ಣ! ಟಕ್ ಅಂದಿದ್ದು ನಂಗೂ ಕೇಳಿಸ್ತು. ಸಿ.ಡಿ. ಗೀರಿದ್ದು ನಾನೇ. ತಪ್ಪಾಯ್ತಣ್ಣ, ಕ್ಷಮಿಸ್ಬಿಡು."