ಹರವಿಯೊಳಗಿನ ಮೆಹಮಾನ

ತೊಗರಿ ಚೀಲಗಳ ನಡುವೆ ಇಳಿಸಿದ ಗಾಜಿನ ತೊಟ್ಟಿಯೊಳಗಿಂದ ಆ ಪ್ರಾಣಿ ಮಡೆಪ್ಪನನ್ನು ನೋಡಿ ನಕ್ಕಿತು. ಗೇಣುದ್ದದ ಮೈ, ಕೂಸಿನ ಅಂಗಾಲಿನ ಬಣ್ಣ, ನಾಲ್ಕು ಕಾಲು, ಕಿವಿ ಇರಬೇಕಾದಲ್ಲಿ ಗರಿಗಳು. ಮಡೆಪ್ಪ ಹೌಹಾರಿ ಒಂದು ಚೀಲದ ಮೇಲೆ ಕೂತೇಬಿಟ್ಟ.

“ಹೆದರಬ್ಯಾಡ್ರಿ ಕಾಕಾ. ಇದಕ್ಕ ಆಕ್ಸೊಲೋಟಲ್ ಅಂತಾರ. ಕಾಲು ಕಡದ್ರ ಮತ್ತ ಹುಟ್ತದ. ಹೆಸರು ಗುಲಾಬಿ,” ಎಂದಳು ಸಾವ್ಕಾರರ ಮಗಳು ಶೈಲಶ್ರೀ. “ಮನ್ಯಾಗ ಸುಣ್ಣ ಹಚ್ಲಕತ್ತಾರ, ನನ್ನ ಖೋಲಿ ಖಾಲಿ ಮಾಡ್ಬೇಕು. ಅಪ್ಪಾಜಿಗಿ ಗೊತ್ತಾದ್ರ ನನ್ನೂ ಇದನ್ನೂ ಸೇರಿಸಿ ಹೊರಗ ಹಾಕ್ತಾರ. ಪರೀಕ್ಷಾ ಮುಗಿಸಿ ಬಂದು ಒಯ್ತೇನಿ.”

ಬೀದರದ ಧಾನ್ಯಪೇಟೆಯಾದ ಗಾಂಧಿ ಗಂಜಿನಲ್ಲಿ, ಕಾಳುಕಡಿಯ ದಲ್ಲಾಳಿ ನಡೆಸುವ ಆ ಅಡತಿ ಅಂಗಡಿಯಲ್ಲಿ ಮಡೆಪ್ಪ ಲೆಕ್ಕ ಬರೆಯುವ ಮುನೀಮ. ಮನೆ ಭಾಲ್ಕಿಯಲ್ಲಿ. ದಿನಾ ಬೆಳಗ್ಗೆ ಬಸ್ಸಿನಲ್ಲಿ ಯಾರದೋ ಬಗಲಿಗೆ ಮೂಗು ಕೊಟ್ಟು ನಿಂತು ಬೀದರಕ್ಕೆ ಬರುವುದೇ ಅವನ ಪಾಡು. ಈಗ ಸಾವ್ಕಾರ ಅಮರನಾಥರು ಭಾಲ್ಕಿಯಲ್ಲೂ ಒಂದು ಅಂಗಡಿ ತೆಗೆಯುವವರಿದ್ದರು. ಅಲ್ಲಿಗೆ ಮಡೆಪ್ಪನನ್ನೋ ಕಿರಿಯ ಗುಮಾಸ್ತ ಜ್ಞಾನೇಶ್ವರನನ್ನೋ, ಯಾರನ್ನು ಕಳಿಸುವುದೆಂದು ಅಂದೇ ಸಂಜೆ, ಔರಾದದಿಂದ ಮರಳಿದ ಮೇಲೆ ಹೇಳುವವರಿದ್ದರು. ಹೆಂಡತಿ ಕಸ್ತೂರಿಬಾಯಿ ಆಗಲೇ ಮಧ್ಯಾಹ್ನ ಬಿಸಿ ರೊಟ್ಟಿ ಬಡಿದು ಹಾಕುವ ಮಾತಾಡತೊಡಗಿದ್ದಳು. ಇಂಥ ದಿನ ಸಾವ್ಕಾರರ ಮಗಳಿಗೆ ಇಲ್ಲ ಅನ್ನುವುದುಂಟೇ?

“ನೀರು ತಣ್ಣಗೇ ಇರ್ಬೇಕು ಕಾಕಾ, ಬಿಸಿ ಆದ್ರ ಸತ್ತೇ ಹೋಗ್ತದ. ನಳದ ನೀರು ಬ್ಯಾಡ, ಅದರಾಗ ಔಷಧ ಇರ್ತದ. ಸಣ್ಣ ಕಲ್ಲು ಹಾಕಬ್ಯಾಡ್ರಿ, ನುಂಗ್ತದ. ಅಡಗಿ ಕೂಡಲಿಕ್ಕ ಮರೆ ಬೇಕು. ನೀರು ಅಲುಗಾಡಬಾರದು. ಮಧ್ಯಾಹ್ನ ಎರೆಹುಳ ತಿನ್ನಿಸ್ರಿ.”

“ಯವ್ವಾ, ಗಂಜಿನ್ಯಾಗ ಮನಷ್ಯಾರಿಗೇ ಇಷ್ಟು ಸೌಲತ್ತು ಇಲ್ಲಲ್ಲ!” ಎಂದ ಮಡೆಪ್ಪ. ಆಕೆ ಆಗಲೇ ಸ್ಕೂಟಿ ಹತ್ತಿದ್ದಳು.

ಫ್ಯಾನನ್ನು ತೊಟ್ಟಿಯ ಕಡೆ ತಿರುಗಿಸಿ, ತಾನು ಬೆವರು ಒರೆಸುತ್ತ ಕೂತ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮೊಬೈಲೂ ಸತ್ತಿತು. ಗಾಜಿಗೆ ಅಂಟಿಸಿದ್ದ ಉಷ್ಣ ಅಳೆಯುವ ಪಟ್ಟಿಯ ಅಂಕಿ ಏರತೊಡಗಿತು. ಹೆಪ್ಪುಗಟ್ಟಿದ ನೀರಿನ ಬಾಟಲಿ ತಂದು ತೇಲಿಬಿಟ್ಟರೆ ಅದು ನೋಡನೋಡುತ್ತ ಕರಗಿತು. ಗುಲಾಬಿ ಮಾತ್ರ ನಗುತ್ತಲೇ ಇತ್ತು. ಅದರ ಬಾಯಿ ಇರುವುದೇ ಹಾಗೆ ಎಂದು ಮಡೆಪ್ಪನಿಗೆ ಏನು ಗೊತ್ತು? ಸಾಯುವಾಗಲೂ ನಗುತ್ತದಲ್ಲ ಪುಣ್ಯಾತ್ಮ ಎಂದುಕೊಂಡ.

ಆಗ ಮೂಲೆಯಲ್ಲಿದ್ದ ಹೊಸ ಮಣ್ಣಿನ ಹರವಿ ಕಣ್ಣಿಗೆ ಬಿತ್ತು. ಗಂಜಿನ ಹಮಾಲರು ಊಟಕ್ಕೆ ಚದುರಿದ ಹೊತ್ತು ನೋಡಿ, ಅದನ್ನು ಅಂಗಳದ ಬೇವಿನ ಮರದ ಕೆಳಗೆ ಸ್ಟ್ಯಾಂಡಿನ ಮೇಲೆ ಕೂಡಿಸಿದ. ಹಳೇ ಬಾವಿಯ ತಣ್ಣನೆಯ ನೀರು ಸುರಿದ. ಅಡಗಲು ಒಡೆದ ಗಡಿಗೆಯ ನುಣುಪು ಚೂರೊಂದನ್ನು ತಳಕ್ಕೆ ಇಟ್ಟ. ಸುತ್ತಲೂ ಹಸಿ ಗೋಣಿತಟ್ಟು ಕಟ್ಟಿದ. ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾದ ಮೇಲೆ ಗುಲಾಬಿಯನ್ನು ಬೊಗಸೆಯಲ್ಲಿ ಇಳಿಸಿ, ಮುಚ್ಚಳ ಮುಚ್ಚಿ, ಬಗದಲ್ ರಸ್ತೆಯ ನರ್ಸರಿಗೆ ಎರೆಹುಳ ಹುಡುಕಿಕೊಂಡು ಹೋದ. ಜೀವಮಾನದಲ್ಲಿ ಕೋಳಿ ತತ್ತಿ ಸಹ ಮುಟ್ಟದವನು, ಅಂಗೈ ತುಂಬ ಹುಳ ಹಿಡಿದು ಜೇಬಿಗಿಳಿಸಿಕೊಂಡು ಮರಳಿ ಬಂದ.

ಬಂದು ನೋಡಿದರೆ, ಹರವಿಯ ಮುಂದೆ ಹಮಾಲರ ಸಾಲು! ಎದುರಿನ ಚಹಾದಂಗಡಿಯ ಮುರ್ತುಜಾ ಉದ್ದ ಹಿಡಿಕೆಯ ಸೌಟಿನಿಂದ ನೀರು ಮೊಗೆದು ಮೊಗೆದು ಹಂಚುತ್ತಿದ್ದ.

ತಪ್ಪು ಅವನದಲ್ಲ. ಪ್ರತಿ ಬೇಸಿಗೆಯೂ ಅದೇ ಬೇವಿನ ಕೆಳಗೆ ಸಾವ್ಕಾರರ ಅರವಟಿಗೆ ಇರುವುದು ರೂಢಿ. ಈ ಸಲ ಹಳೇ ಹರವಿ ಒಡೆದು ತಡವಾಗಿತ್ತು. ಹೊಸದು ಬಂದದ್ದೂ ಅದಕ್ಕೇ. ಗಡಿಬಿಡಿಯಲ್ಲಿ ಮಡೆಪ್ಪನಿಗೆ ಅದು ನೆನಪಾದರೆ ತಾನೇ!

“ಬಂದ್ರಿ ಮಡೆಪ್ಪ ಭಾಯಿ? ಅರವಟಿಗಿ ಇಟ್ರಿ, ಗ್ಲಾಸ್ ಇಡೋದು ಮರತ್ರಿ! ನಾನೇ ನಾಲ್ಕು ಕೊಡ ನೀರು ಸುರುವಿದೆ,” ಎಂದ ಮುರ್ತುಜಾ.

ನಾಲ್ಕು ಕೊಡ! ಅದರ ತಲೆಯ ಮೇಲೆ! ಮಡೆಪ್ಪ ಹರವಿಗೆ ಅಡ್ಡ ನಿಂತ. “ಕುಡಿಬ್ಯಾಡ್ರಪಾ! ಹೊಸಾ ಹರವಿ ಅದ, ಮಣ್ಣು ವಾಸನಿ ಬರ್ತದ!”

“ಆ ವಾಸನಿಗೇ ಕುಡಿಲಕತ್ತೀವಲ್ರಿ,” ಎಂದ ಹಮಾಲರ ಮುಕಾದಮ ಅಬ್ದುಲ ಖಾದರ, ಇನ್ನೊಂದು ಗ್ಲಾಸಿಗೆ ಕೈಚಾಚುತ್ತ. ಮಡೆಪ್ಪ ಸೌಟು ಕಸಿಯಲು ಹೋದ. ಖಾದರನ ಮೀಸೆ ನೆಟ್ಟಗಾಯಿತು. “ಏನ್ರೀ ಇದು? ಬಿಸಲಾಗ ದುಡಿಯೋರಿಗೆ ನೀರಿಗೂ ಅಡ್ಡ ಬರ್ತೀರೇನು?”

ನಿಜ ಹೇಳಿದರೆ ಶೈಲಶ್ರೀಯ ಗುಟ್ಟು ರಟ್ಟು, ಭಾಲ್ಕಿ ನೀರುಪಾಲು. ಹೇಳದಿದ್ದರೆ ಪಾಪ. ಮಡೆಪ್ಪ ಜೇಬಿನಲ್ಲಿ ಒದ್ದಾಡುವ ಹುಳಗಳೊಂದಿಗೆ ತಾನೂ ಒದ್ದಾಡುತ್ತಿದ್ದಾಗಲೇ ಸಂಜೆಗೆ ಬರಬೇಕಿದ್ದ ಸಾವ್ಕಾರರ ಜೀಪು ಬಂದು ನಿಂತಿತು.

ಅಮರನಾಥರು ಔರಾದದ ಧೂಳೆಲ್ಲ ಮೈಮೇಲೆ ಹೊತ್ತು ಇಳಿದರು. ಅರವಟಿಗೆ ನೋಡಿ ಮುಖ ಅರಳಿತು. “ಭಲೇ ಮಡೆಪ್ಪ! ಹೇಳದೇ ಇಟ್ಟೀದಿ. ಇಂಥಾ ಮನಷ್ಯಾನೇ ಭಾಲ್ಕಿ ಅಂಗಡಿಗೆ ಬೇಕು. ನಾಳಿಂದ ಅಲ್ಲೇ ಕೂಡು!” ಎಂದು ತುಂಬಿದ ಗ್ಲಾಸನ್ನು ತುಟಿಗೆತ್ತಿದರು.

ಭಾಲ್ಕಿ ಸಿಕ್ಕಿತು! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷ ಅನ್ನ ಹಾಕಿದ ದಣಿ, ಲಿಂಗಪೂಜೆಯಿಲ್ಲದೆ ಗುಟುಕು ನೀರು ಮುಟ್ಟದ ಮನುಷ್ಯ. ಮಡೆಪ್ಪನಿಂದ ಆಗಲಿಲ್ಲ.

“ಕುಡಿಬ್ಯಾಡ್ರಿ ಸಾವ್ಕಾರ್ರ! ಅದರಾಗ ಪ್ರಾಣಿ ಅದ!”

ಸಾವ್ಕಾರರು ಗ್ಲಾಸು ಕೆಳಗಿಟ್ಟರು. “ಎಂಥಾ ಪ್ರಾಣಿ?”

“ಗುಲಾಬಿ ಬಣ್ಣದ್ದು ರೀ. ಕಿವಿಗಿ ಗರಿ ಅವ. ಕಾಲು ಕಡದ್ರ ಮತ್ತ ಹುಟ್ತದಂತ. ನನ್ನ ನೋಡಿ ನಗ್ತದ್ರಿ.”

ಅಬ್ದುಲ ಖಾದರ ಹರವಿಯನ್ನು ಕಲ್ಲುಹಾಸಿನ ಮೇಲೆ ಬಗ್ಗಿಸಿದ. ನೀರು ಹರಿಯಿತು. ಗಡಿಗೆಯ ಚೂರು ಟಣ್ಣೆಂದು ಬಿತ್ತು. ಬೇರೇನೂ ಇಲ್ಲ!

“ಯಾ ಅಲ್ಲಾ,” ಎಂದ ಮುರ್ತುಜಾ ಮೆಲ್ಲಗೆ. “ಬಿಸಲು ನೆತ್ತಿಗೇರ್ಯದ.”

ಅಷ್ಟರಲ್ಲಿ ಶೈಲಶ್ರೀಯ ಸ್ಕೂಟಿ ಬಂತು. ಮಡೆಪ್ಪ ಮುಳುಗುವವನಂತೆ ಆಕೆಯ ಮುಖ ನೋಡಿದ. ಆಕೆ ಅಪ್ಪನ ಮುಖ ನೋಡಿದಳು. “ಪಾಪ, ಕಾಕಾಗ ಆರಾಮಿಲ್ಲ ಕಾಣ್ತದ ಅಪ್ಪಾಜಿ,” ಎಂದಳು.

“ಇಂಥಾವನ್ನ ಒಬ್ಬನ್ನೇ ಭಾಲ್ಕಿಗೆ ಹ್ಯಾಂಗ ಕಳಸ್ಲಿ? ಜ್ಞಾನೇಶ್ವರ ಹೋಗ್ಲಿ. ನೀ ಇಲ್ಲೇ ನನ್ನ ಕಣ್ಣ ಮುಂದ ಇರು,” ಎಂದು ಸಾವ್ಕಾರರು ಮರುಕದಿಂದ ಒಳಗೆ ಹೋದರು.

ಶೈಲಶ್ರೀ ಕಿವಿಯ ಬಳಿ ಬಂದು ಪಿಸುಗುಟ್ಟಿದಳು: “ಪರೀಕ್ಷಾ ಲಗೂ ಮುಗೀತು ಕಾಕಾ. ಬಂದ್ರ ನೀವು ಇದ್ದಿಲ್ಲ. ಗುಲಾಬಿನ್ನ ಹುಡುಕಿ ತಗೊಂಡು, ಆ ನೀರೆಲ್ಲ ಬೇವಿನ ಬುಡಕ್ಕ ಚೆಲ್ಲಿ, ಹರವಿ, ಚೂರು ಎರಡೂ ತೊಳದು ಮೊದಲಿನಂಗ ಇಟ್ಟೆ. ನನ್ನ ಗೆಳತಿ ತಹಮೀನಾನ ಮನ್ಯಾಗ ಇನ್ವರ್ಟರು, ಎಸಿ ಎರಡೂ ಅವ, ಅಲ್ಲಿ ಬಿಟ್ಟೇನಿ. ನಿಮಗ ಎಷ್ಟು ಸಲ ಫೋನ್ ಮಾಡಿದೆ! ಆದ್ರ ಅವರೆಲ್ಲಾ ನಾಳಿ ಹೈದರಾಬಾದಿಗೆ ಹೊಂಟಾರ. ಹೆಂಗೂ ನೀವು ಇಲ್ಲೇ ಇರ್ತೀರಲ್ಲ, ಮುಂಜಾನಿ ತಂದು ಕೊಡ್ತೇನಿ.”

ಮಡೆಪ್ಪ ಉತ್ತರ ಕೊಡುವ ಮೊದಲೇ ಮುರ್ತುಜಾ ಸಾವ್ಕಾರರು ಕುಡಿಯದೆ ಇಟ್ಟ ಗ್ಲಾಸಿನ ನೀರನ್ನು ಅಕ್ಕರೆಯಿಂದ ಅವನ ನೆತ್ತಿಯ ಮೇಲೆ ಸುರಿದ. ನೀರು ನಿಜಕ್ಕೂ ತಂಪಾಗಿತ್ತು.