ಮಾವನ ಕಿವಿಗೆ ಅತ್ತೆಯ ಕೈ

ನಮ್ಮ ಸೋದರಮಾವನಷ್ಟು ಕಾನೂನು ಪಾಲಿಸುವ ಡ್ರೈವರ್ ಇಡೀ ತುಮಕೂರಲ್ಲಿ ಇನ್ನೊಬ್ಬನಿಲ್ಲ. ನಾನು ಹೇಳ್ತಿಲ್ಲಪ್ಪ, ಅವರೇ ಹೇಳ್ಕೊಂಡು ಓಡಾಡ್ತಾರೆ! ಗಾಡಿ ಓಡಿಸುವಾಗ ಮೊಬೈಲು ಮುಟ್ಟುವುದೇ ಇಲ್ಲವಂತೆ. ನಿಜ, ಮುಟ್ಟಲ್ಲ. ಪಕ್ಕದಲ್ಲಿ ಕೂತ ನಮ್ಮತ್ತೆ ಅದನ್ನು ಅವರ ಕಿವಿಗೆ ಹಿಡಿದಿರುತ್ತಾರೆ!

"ಸ್ಪೀಕರ್ ಹಾಕ್ಕೊಳ್ಳಿ ಮಾವ," ಅಂದೆ ಒಮ್ಮೆ.

"ಮನೆ ಗುಟ್ಟು ಊರಿಗೆಲ್ಲ ಕೇಳ್ಸ್ಬೇಕೇನ್ಲಾ?"

ಗುಟ್ಟು ಏನು ಗೊತ್ತೆ? ಚೇಳೂರಿನ ಷಡ್ಡಕನ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಅನ್ನೋದು! ಗಾಡಿ ನಿಲ್ಲಿಸಿ ಮಾತಾಡಿ ಅಂದರೆ ಇನ್ನೂ ಸಿಟ್ಟು. "ನಿಲ್ಲಿಸ್ತಾ ಕೂತ್ರೆ ಗುಬ್ಬಿ ಸೇರೋದ್ ಯಾವಾಗ್ಲಾ?" ಹೌದಲ್ಲ, ಗುಬ್ಬಿಯಲ್ಲಿ ಇವರು ಬರುವವರೆಗೂ ಯಾರೂ ಒಲೆ ಹಚ್ಚಲ್ಲ ನೋಡಿ!

ಹೋಗಲಿ, ಖಾಲಿಯಿರುವ ಕೈಯಲ್ಲಿ ಸ್ಟೇರಿಂಗಾದರೂ ಹಿಡೀತಾರಾ? ಎಲ್ಲಿಯ ಮಾತು! "ಬಾಳೆಗೊನೆ ಇಷ್ಟುದ್ದ ಇತ್ತು ಕಣಯ್ಯ" ಅಂತ ಫೋನಿನ ಆಚೆಯವನಿಗೆ ಎರಡೂ ಕೈ ಅಗಲಿಸಿ ತೋರಿಸ್ತಾರೆ. ಅದು ಕಂಡದ್ದು ಎದುರಿನ ಬಸ್ಸಿನವನಿಗೆ. ಅವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಾವ ಮಾತ್ರ, "ಏನ್ ಜನಾನೋ, ರಸ್ತೆ ಮೇಲೆ ಗ್ಯಾನಾನೇ ಇಲ್ಲ" ಅಂದರು!

ಅತ್ತೆಯ ಪಾಡು ಕೇಳಿ. ಬೆಲ್ಟ್ ಹಾಕಿದರೆ ಕೈ ಎಟುಕಲ್ಲ, ಹಾಗಾಗಿ ಅವರಿಗೆ ಬೆಲ್ಟೇ ಇಲ್ಲ. ಕೈ ಜೋಮು ಹಿಡಿದು ಒಂಚೂರು ಇಳಿದರೆ "ಮೇಲಕ್ಕೆ, ಮೇಲಕ್ಕೆ!" ಅಂತ ಗದರಿಕೆ ಬೇರೆ. "ಬಿಸಾಕಿ ಅತ್ತೆ ಅದನ್ನ" ಅಂದರೆ ನಕ್ಕುಬಿಡುತ್ತಿದ್ದರು. ನನಗೆ ಮೈ ಉರಿಯೋದು. ಈ ಮನುಷ್ಯ ಒಂದಿನ ನಮ್ಮತ್ತೆಯನ್ನು ಎಲ್ಲಾದರೂ ಗುದ್ದಿಸಿ ಕೊಂದೇಬಿಡ್ತಾನೆ ಅಂತ ಭಯ.

ಹೋದ ತಿಂಗಳು ಒಂದು ನಾಮಕರಣಕ್ಕೆ ಕುಣಿಗಲ್ಲಿಗೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ. ಷಡ್ಡಕನ ಫೋನು ಬಂತು, ಅತ್ತೆ ಕೈ ಎತ್ತಿದರು, ಮಾವ ಶುರು ಹಚ್ಚಿಕೊಂಡರು. ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿದ್ದು ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. "ಮಾವಾ!" ಅಂತ ಕಿರುಚಿದೆ. ಬ್ರೇಕ್ ಬಿತ್ತು. ಸದ್ಯ, ಗುದ್ದಲಿಲ್ಲ. ಅತ್ತೆ ಮಾತ್ರ ಮುಗ್ಗರಿಸಿ ಡ್ಯಾಶ್‌ಬೋರ್ಡಿಗೆ ಬಡಿದರು. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತ ಅತ್ತೆಯ ಮೇಲೆ ಮಾವ ರೇಗಿದರು, "ಫೋನ್ ಎಸ್ದು ಏನಾದ್ರೂ ಹಿಡ್ಕೋಬಾರ್ದಿತ್ತೇನೇ?"

"ನೀವ್ ಇನ್ನೂ ಮಾತಾಡ್ತಿದ್ರಲ್ಲ," ಅಂದರು ಅತ್ತೆ.

ಮಾವ ಅಲ್ಲೇ ನೆಲಕ್ಕೆ ಕುಸಿದು ಕೂತು, ಮಕ್ಕಳ ಹಾಗೆ ಅತ್ತುಬಿಟ್ಟರು. ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದ ನಾನೇ ಹೋಗಿ ಅವರಿಗೆ ನೀರು ತಂದುಕೊಟ್ಟೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡ್ಕೊಳ್ಳೋಕೆ ಶುರುವಾಯಿತು.

"ಫೋನ್ ಬರ್ತೈತೆ ರೀ, ಎತ್ತಿ," ಅಂದರು ಅತ್ತೆ.

"ಬುಡೇ ಅತ್ಲಾಗೆ," ಅಂದ ಮಾವ, ಅತ್ತೆಯ ಪ್ಲಾಸ್ಟರ್ ಕೈಯ ಕೆಳಗೆ ತಮ್ಮ ಎರಡೂ ಅಂಗೈ ಒಡ್ಡಿ ಮೆಲ್ಲಗೆ ಎತ್ತಿ ಹಿಡಿದರು. "ಭಾಳ ನೋಯ್ತೈತೇನೇ?"