ಕರಿಯದೋ ಬಿಳಿಯದೋ

ಎರಡೂ ವಾಚುಗಳು ಹಪ್ಪಳದಷ್ಟು ತೆಳ್ಳಗಿದ್ದವು. ಅಂಕಿಯಿಲ್ಲ, ಸೆಕೆಂಡಿನ ಮುಳ್ಳಿಲ್ಲ. ಒಂದರ ಮುಖ ಕಪ್ಪು, ಇನ್ನೊಂದರದು ಬಿಳಿ. ಬಿಳಿಯದನ್ನು ಕಂಡೊಡನೆ ವಿಪುಲನ ಮನಸ್ಸು ಅದರ ಮೇಲೆ ಕೂತುಬಿಟ್ಟಿತು. ಆದರೆ ಕೊಡಿಸುವವರು ಭಾವಿ ಮಾವ ಭೀಮಗೊಂಡರು. ಬಾಯಿಬಿಟ್ಟರೆ ಆಸೆಬುರುಕ ಅಂದಾರೆಂದು ಹೆದರಿ, "ನಿಮಗ ಯಾವುದು ಚಲೋ ಅನಸ್ತೈತಿ, ಅದನ್ನ ತಗೋರಿ ಮಾವಾರ" ಎಂದ.

ಅಲ್ಲಿಗೆ ಕೆಟ್ಟಿತು.

"ಛೇ, ಕಟ್ಕೊಳ್ಳವ್ರು ನೀವು. ನೀವs ಹೇಳ್ರಿ."

"ಎರಡೂ ಚಲೋ ಅದಾವ್ರಿ."

ಸಂಜೆಗೆ ಖಾನಾಪುರದಲ್ಲಿ ನಿಶ್ಚಿತಾರ್ಥ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಜೈನರ ಮನೆ. ಅಂಗಡಿಯ ಹೊರಗೆ ಗಾಡಿಯವನು ಹಾರ್ನ್ ಒತ್ತುತ್ತಲೇ ಇದ್ದ. ಒಳಗೆ ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

ಭೀಮಗೊಂಡರ ತಂಗಿ ಅಕ್ಕಾತಾಯಿ ನಡುವೆ ಬಂದರು. "ಕರೀದು ತಗೊ ಅಣ್ಣಾ. ಬಿಳೀದು ಲಗೂನ ಹೊಲಸಾಕ್ಕೈತಿ."

ಬ್ಯಾಟರಿ ಬದಲಿಸಲು ಬಂದಿದ್ದ, ಯಾರಿಗೂ ಪರಿಚಯವಿಲ್ಲದ ಹಿರಿಯರೊಬ್ಬರು ಸ್ಟೂಲು ಹತ್ತಿರಕ್ಕೆಳೆದುಕೊಂಡರು. "ಅಕ್ಕಾರು ಹೇಳೂದು ಖರೇ ಐತಿ. ಹುಡುಗನ ಬಣ್ಣಕ್ಕೂ ಕರೀದs ಹೊಂದತೈತಿ."

ವಿಪುಲ ತನ್ನ ಮುಂಗೈಯನ್ನೊಮ್ಮೆ ನೋಡಿಕೊಂಡ.

ಅಂಗಡಿಯ ಶಶಿಧರ ಅವನ ಎರಡು ಕೈಗೂ ಒಂದೊಂದು ಕಟ್ಟಿ, "ಬಿಸಿಲಾಗ ನೋಡ್ಕೊಂಡು ಬರ್ರಿ" ಎಂದು ಹೊರಗೆ ಕಳಿಸಿದ. ಬೆಳಗಾವಿಯ ಪೇಟೆಬೀದಿಯಲ್ಲಿ ಬೇಡಿ ಹಾಕಿಸಿಕೊಂಡವನ ಹಾಗೆ ಎರಡೂ ಕೈ ಮುಂದೆ ಚಾಚಿ ನಿಂತ ಅವನನ್ನು ದಾರಿಹೋಕನೊಬ್ಬ "ಟೈಮ್ ಎಷ್ಟಾತ್ರಿ?" ಎಂದು ಕೇಳಿದ. ವಿಪುಲ ಎಡಗೈ ನೋಡಿದ, ಬಲಗೈ ನೋಡಿದ. ಎರಡೂ ನಿಂತಿದ್ದವು. "ಗೊತ್ತಿಲ್ರಿ" ಎಂದ. ಆತ ಇವನನ್ನು ತಲೆಯಿಂದ ಕಾಲಿನತನಕ ನೋಡಿ, ದೂರ ಸರಿದು ಹೋದ.

ಒಳಗೆ ಬರುವಷ್ಟರಲ್ಲಿ ಕರಿಯದಕ್ಕೆ ಬಹುಮತ ಸಿಕ್ಕಿತ್ತು. ವಿಪುಲ ಗೋಡೆ ಗಡಿಯಾರಗಳ ಮರೆಗೆ ಸರಿದು, ತಾನು ಮದುವೆಯಾಗಲಿದ್ದ ಮೇಘಾಳಿಗೆ ಮೆಸೇಜು ಬರೆದ. ತನಗೆ ಬೇಕೆಂದು ಅವಳಿಗೂ ಹೇಳಲು ನಾಚಿಕೆ: "ಇಲ್ಲಿ ಒಂದು ಕರೀ ವಾಚ್, ಒಂದು ಬಿಳೀ ವಾಚ್ ಅದಾವು. ಬಿಳೀದು ಭಾಳ ಚಂದ ಐತಿ. ನಿಮ್ಮ ಅಪ್ಪಾರಿಗೆ ಹೇಳ್ರಿ."

ಸ್ವಲ್ಪ ಹೊತ್ತಿಗೇ ಭೀಮಗೊಂಡರ ಫೋನು ರಿಂಗಾಯಿತು. "ಹೌದೇನವ್ವಾ? ಬಿಳೀದಾ? ಆತಾತು, ಬಿಡೂದಿಲ್ಲ ತಗೊ."

ಬಿಳಿಯದು ಡಬ್ಬಿಯೊಳಗೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆಯೇ ವಿಪುಲ ಗಾಡಿ ಹತ್ತಿದ. ಖಾನಾಪುರದ ತನಕ ಅಕ್ಕಾತಾಯಿ ಗೊಣಗುತ್ತಿದ್ದರೂ ಅವನಿಗೆ ಅದು ಜೋಗುಳದ ಹಾಗೆ ಕೇಳಿಸಿತು.

ಸಂಜೆ ಮಂದಿಯೆದುರು ಭೀಮಗೊಂಡರು ಅವನ ಕೈ ಹಿಡಿದು ವಾಚು ಕಟ್ಟಿದರು. ಕರಿಯದು.

"ನೀವು ಗಾಡಿ ಹತ್ತಿದ ಮ್ಯಾಲೆ ಇದನ್ನೂ ಕಟ್ಟಿಸಿದೆ" ಎಂದು ಅವರು ಕಿವಿಯಲ್ಲಿ ಹೇಳಿದರು. "ಮೇಘಾಗ ಬಿಳೀದು ಆರಿಸಿ, ನಿಮಗಂತ ಒಂದು ಮಾತೂ ಕೇಳಲಿಲ್ಲ ನೀವು. ಎಂಥಾ ಮನಸ್ಸರಿ ನಿಮ್ದು."

ವಿಪುಲ ಪಕ್ಕಕ್ಕೆ ತಿರುಗಿದ. ಮೇಘಾಳ ಕೈಯಲ್ಲಿ ಬಿಳಿಯದು ಮಿನುಗುತ್ತಿತ್ತು. ಅವಳ ಕಣ್ಣು ತುಂಬಿತ್ತು.

"ನಿಮ್ಮ ಮೆಸೇಜು ಓದಿ ಅಪ್ಪಾಗ ಫೋನ್ ಮಾಡಿದೆ" ಎಂದಳು ಮೆಲ್ಲಗೆ. "ನನಗ ಬಿಳೀದs ಸೇರತೈತಿ ಅಂತ ನಿಮಗ ಹೆಂಗ ತಿಳೀತ್ರಿ?"

ವಿಪುಲ ವಾಚನ್ನು ನೋಡಿದ. ಅವಳ ಮುಖ ನೋಡಿದ.

"ಅಂದಾಜ ಮಾಡಿದೆ" ಎಂದ.

"ಹಂಗಾದ್ರ ಇದನ್ನ ಯಾರ ಕೇಳಿದ್ರೂ ಕೊಡೂದಿಲ್ಲ ನೋಡ್ರಿ" ಎಂದಳು ಮೇಘಾ. "ನೀವು ಕೇಳಿದ್ರೂ."